ವೈಲ್ಡ್‌ಬೀಸ್ಟ್ ಹಿಂಡುಗಳ ಬೆನ್ನು ಹತ್ತಿ: ಸೆರೆಂಗೆಟಿ–ಮಾರಾ ಸಫಾರಿಗೆ ತಯಾರಾಗುವುದು ಹೇಗೆ

ಪೂರ್ವ ಆಫ್ರಿಕಾಕ್ಕೆ ಹೋಗಲು ಮನಸ್ಸು ಮಾಡಿದವರು ಮೊದಲು ಕೇಳುವ ಪ್ರಶ್ನೆ, 'ವಲಸೆ ಯಾವಾಗ ಶುರುವಾಗುತ್ತೆ?' ಅದು ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ತಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಾಸಾಯ್ ಮಾರಾ ಸೇರಿದ ಒಂದೇ ಹುಲ್ಲುಗಾವಲಿನಲ್ಲಿ ವೈಲ್ಡ್‌ಬೀಸ್ಟ್ ಎಂಬ, ದನದಂತೆ ಕಾಣುವ ದೊಡ್ಡ ಹುಲ್ಲೆಗಳ ಹಿಂಡುಗಳು ವರ್ಷವಿಡೀ ಸುತ್ತು ಹಾಕುತ್ತಲೇ ಇರುತ್ತವೆ. ಹಾಗಾಗಿ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಿ: ನಮಗೆ ರಜೆ ಸಿಗುವ ತಿಂಗಳಲ್ಲಿ ಹಿಂಡು ಎಲ್ಲಿರುತ್ತದೆ, ಅಲ್ಲಿಂದ ಒಂದು ಗಂಟೆಯ ದಾರಿಯೊಳಗೆ ನಮಗೆ ಮಲಗಲು ಜಾಗ ಸಿಗುತ್ತದೆಯೇ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿ ಖಾಲಿ ಬಯಲು ನೋಡಿ ಬರುವವರು ಎಡವುವುದು ಇಲ್ಲೇ.

ಹಿಂಡು ಯಾಕೆ ಸುತ್ತುತ್ತದೆ

ವೈಲ್ಡ್‌ಬೀಸ್ಟ್ ಹುಲ್ಲಿನ ಬೆನ್ನು ಹತ್ತುತ್ತದೆ, ಹುಲ್ಲು ಮಳೆಯ ಬೆನ್ನು ಹತ್ತುತ್ತದೆ. ಸೆರೆಂಗೆಟಿಯ ಆಗ್ನೇಯ ಬಯಲಿನಲ್ಲಿ ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ. ವಾಯವ್ಯಕ್ಕೆ ಹೋದಂತೆ ಅದು 1,000 ಮಿ.ಮೀ. ದಾಟುತ್ತದೆ. ಮಳೆ ಕಡಿಮೆ ಇರುವ ದಕ್ಷಿಣದ ಹುಲ್ಲೇ ಹೆಚ್ಚು ಪೌಷ್ಟಿಕ. ಓಲ್ ಡೊಯಿನ್ಯೊ ಲೆಂಗಾಯ್ ಮತ್ತು ಅದರ ನೆರೆಯ ಜ್ವಾಲಾಮುಖಿಗಳು ಉಗುಳಿದ ಬೂದಿ ಅಲ್ಲಿನ ಮಣ್ಣಿನಲ್ಲಿದೆ. ಬೂದಿಯ ಕ್ಯಾಲ್ಸಿಯಂ, ರಂಜಕ ಗಿಡ್ಡ ಹುಲ್ಲಿಗೆ ಸೇರಿ ಹಾಲೂಡುವ ತಾಯಿಗೆ ಬೇಕಾದುದೆಲ್ಲ ಆ ಹುಲ್ಲಿನಲ್ಲಿ ಸಿಗುತ್ತದೆ. ಆದರೆ ಮಳೆ ನಿಂತರೆ ಅಲ್ಲಿ ಕುಡಿಯಲು ನೀರಿಲ್ಲ. ಆಗ ಹಿಂಡು ಬತ್ತದ ಮಾರಾ ನದಿಯ ಕಡೆಗೆ, ಉತ್ತರಕ್ಕೆ, ಕಾಲು ಹಾಕುತ್ತದೆ. ದಕ್ಷಿಣದಲ್ಲಿ ಮತ್ತೆ ಮಳೆ ಬಿದ್ದ ಕೂಡಲೇ ವಾಪಸ್ಸು.

ಜೊತೆಗಾರರೂ ಇದ್ದಾರೆ. ಜೀಬ್ರಾ ಎತ್ತರದ ಒರಟು ಹುಲ್ಲನ್ನು ಮೇಯುತ್ತದೆ. ಅದು ಬಿಟ್ಟ ಕೆಳಗಿನ ಎಲೆಯನ್ನು ಅಗಲ ಬಾಯಿಯ ವೈಲ್ಡ್‌ಬೀಸ್ಟ್ ಕತ್ತರಿಸುತ್ತದೆ, ಮತ್ತೆ ಚಿಗುರಿದ್ದನ್ನು ಥಾಮ್ಸನ್ ಗಸೆಲ್ ಆಯ್ದು ತಿನ್ನುತ್ತದೆ. ಬಯಲಿನಲ್ಲಿ ಜೀಬ್ರಾ ಜಾಸ್ತಿ ಕಾಣತೊಡಗಿದರೆ ದೊಡ್ಡ ಹಿಂಡು ದೂರವಿಲ್ಲ ಎಂದು ಗೈಡ್‌ಗಳು ಹೇಳುವುದು ಇದೇ ಲೆಕ್ಕದ ಮೇಲೆ.

ಸಂಖ್ಯೆಯ ಮಾತು. 1960ರ ದಶಕದ ಆರಂಭದಲ್ಲಿ ಇಲ್ಲಿದ್ದ ವೈಲ್ಡ್‌ಬೀಸ್ಟ್ ಸುಮಾರು ಎರಡೂವರೆ ಲಕ್ಷ. ಸಾಕುದನಗಳಿಂದ ಬರುತ್ತಿದ್ದ ರಿಂಡರ್‌ಪೆಸ್ಟ್ ರೋಗ ಲಸಿಕೆಯಿಂದ ಹತೋಟಿಗೆ ಬಂದ ಮೇಲೆ, 1970ರ ದಶಕದ ಕೊನೆಗೆ ಅವು 13 ಲಕ್ಷ ಮುಟ್ಟಿದವು. ನಮ್ಮ ಹಳ್ಳಿಗಳ ಹಿರಿಯರು ದೊಡ್ಡರೋಗ ಎನ್ನುತ್ತಿದ್ದುದೂ ಇದೇ ರೋಗವನ್ನೇ. ಉಪಗ್ರಹ ಚಿತ್ರಗಳಿಂದ ಇತ್ತೀಚೆಗೆ ಮಾಡಿದ ಎಣಿಕೆಯೊಂದು ಮಾತ್ರ 6 ಲಕ್ಷಕ್ಕಿಂತ ಕಡಿಮೆ ಎನ್ನುತ್ತದೆ. ಯಾವ ಲೆಕ್ಕ ಹಿಡಿದರೂ ಎದುರಿಗೆ ನಿಂತಾಗ ದಿಗಂತದವರೆಗೂ ಕಪ್ಪು ಚುಕ್ಕೆಗಳೇ.

ಹೆಜ್ಜೆ 1: ತಿಂಗಳು ಆರಿಸಿ

ಡಿಸೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಹಿಂಡು ದಕ್ಷಿಣದಲ್ಲಿರುತ್ತದೆ: ಎನ್‌ಡುಟು ಸರೋವರದ ಸುತ್ತಮುತ್ತ, ಗೊರೊಂಗೊರೊ ಸಂರಕ್ಷಿತ ಪ್ರದೇಶ ಮತ್ತು ಸೆರೆಂಗೆಟಿ ಸೇರುವ ಗಡಿಯಲ್ಲಿ. ಜನವರಿ ಕೊನೆಯಿಂದ ಕರು ಹಾಕುವ ಕಾಲ. ಫೆಬ್ರುವರಿಯ ಎರಡು ಮೂರು ವಾರಗಳಲ್ಲೇ ಹೆಚ್ಚಿನ ಕರುಗಳು ಹುಟ್ಟಿಬಿಡುತ್ತವೆ. ಒಂದೇ ಸಲ ಅಷ್ಟೊಂದು ಹುಟ್ಟಿದರೆ ಕತ್ತೆಕಿರುಬ, ಸಿಂಹ, ಚೀತಾಗಳು ಎಷ್ಟು ತಿಂದರೂ ಬಹುಪಾಲು ಉಳಿಯುತ್ತವೆ ಎಂಬುದು ಇದರ ಹಿಂದಿನ ಗುಟ್ಟು.

ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ದೊಡ್ಡ ಮಳೆಗಾಲ. ಹಿಂಡು ಸೆರೆಂಗೆಟಿಯ ನಡುಭಾಗದ ಸೆರೊನೆರಾ ದಾಟಿ ಪಶ್ಚಿಮದತ್ತ ಸಾಗುತ್ತಿರುತ್ತದೆ. ನಮ್ಮ ಮಕ್ಕಳ ಬೇಸಿಗೆ ರಜೆ ಇದೇ ಹೊತ್ತಿಗೆ ಬರುವುದರಿಂದ ಕನ್ನಡದ ಕುಟುಂಬಗಳು ಇಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ದರ ಕಡಿಮೆ, ಗಾಡಿಗಳ ಸಂದಣಿ ಇಲ್ಲ, ಬಯಲು ಹಸಿರು. ಆದರೆ ಪಶ್ಚಿಮದ ದಾರಿಗಳು ಎರೆಮಣ್ಣು. ವಿಜಯಪುರ, ಗದಗ ಕಡೆಯವರಿಗೆ ವಿವರಿಸಬೇಕಿಲ್ಲ: ಒಂದು ಜೋರು ಮಳೆ ಬಿದ್ದರೆ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಫೋರ್ ವೀಲ್ ಡ್ರೈವ್ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ. ದೂರದ ಎಷ್ಟೋ ಕ್ಯಾಂಪುಗಳು ಆಗ ಮುಚ್ಚಿರುತ್ತವೆ. ಈ ತಿಂಗಳೇ ಅನಿವಾರ್ಯವಾದರೆ ಸೆರೊನೆರಾದಲ್ಲಿ ಉಳಿಯಿರಿ. ಅಲ್ಲಿ ಸಿಂಹ, ಚಿರತೆ ವರ್ಷಪೂರ್ತಿ ಇರುತ್ತವೆ, ರಸ್ತೆಗಳೂ ಉತ್ತಮ.

ಜೂನ್‌ನಲ್ಲಿ ಪಶ್ಚಿಮದ ಗ್ರುಮೆಟಿ ನದಿಯ ಕಡೆ. ಮೇ ಕೊನೆಯಿಂದ ಗಂಡುಗಳ ಕಾದಾಟದ ಕಾಲ, ಹಗಲೂ ರಾತ್ರಿ ಹೂಂಕಾರ.

ಜುಲೈ ಮಧ್ಯದಿಂದ ಅಕ್ಟೋಬರ್‌ವರೆಗೆ ಹಿಂಡು ಉತ್ತರದಲ್ಲಿ: ತಾಂಜಾನಿಯಾ ಬದಿಯ ಕೊಗಾಟೆಂಡೆ, ಲಮಾಯ್, ಕೀನ್ಯಾ ಬದಿಯ ಮಾರಾ. ಟಿವಿಯಲ್ಲಿ ಎಲ್ಲರೂ ನೋಡಿರುವ ನದಿ ದಾಟುವ ದೃಶ್ಯ ಈ ಕಾಲದ್ದು. ಎಲ್ಲ ಪ್ರಾಣಿಗಳೂ ಕೀನ್ಯಾಕ್ಕೆ ಹೋಗುತ್ತವೆ ಎಂಬುದು ತಪ್ಪು ತಿಳಿವಳಿಕೆ. ದೊಡ್ಡ ಪಾಲು ತಾಂಜಾನಿಯಾದ ಉತ್ತರದಲ್ಲೇ ಉಳಿದಿರುತ್ತದೆ. ಒಂದೇ ಹಿಂಡು ಮೋಡ ಕಂಡ ಕಡೆಗೆ ತಿರುಗುತ್ತ ಅದೇ ನದಿಯನ್ನು ಹಲವು ಸಲ ಆಚೆಗೂ ಈಚೆಗೂ ದಾಟುವುದೂ ಉಂಟು. ದಸರಾ ರಜೆ ಅಕ್ಟೋಬರ್ ಮೊದಲ ವಾರಗಳಲ್ಲಿ ಬಿದ್ದರೆ ಅದು ನಿಮ್ಮ ಅದೃಷ್ಟ. ಮಕ್ಕಳನ್ನು ಕರೆದೊಯ್ಯಲು ನಮ್ಮ ಶಾಲಾ ಕ್ಯಾಲೆಂಡರಿನಲ್ಲಿ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ನವೆಂಬರ್‌ನಲ್ಲಿ ಚಿಕ್ಕ ಮಳೆ ಶುರುವಾಗಿ ಹಿಂಡು ದಕ್ಷಿಣಕ್ಕೆ ಓಡುತ್ತದೆ. ಆ ತಿಂಗಳು ಅದು ಎಲ್ಲಿ ಎಂದು ಮೊದಲೇ ಹೇಳುವುದು ಬಹಳ ಕಷ್ಟ. ಮೊದಲ ಪ್ರವಾಸಕ್ಕೆ ಬೇಡ.

ಫೆಬ್ರುವರಿಯೋ ಸೆಪ್ಟೆಂಬರೋ ಎಂದು ಕೇಳಿದರೆ ನಮ್ಮ ಮತ ಫೆಬ್ರುವರಿಗೆ. ನದಿ ದಾಟುವುದು ನೋಡಲು ಸಿಗಬಹುದು, ಸಿಗದಿರಬಹುದು. ಫೆಬ್ರುವರಿ ಮಧ್ಯದಲ್ಲಿ ಎನ್‌ಡುಟುವಿನಲ್ಲಿ ಮೂರು ದಿನ ಇದ್ದವರಿಗೆ ಕರುಗಳು ಕಾಣದಿರುವುದು ಅಪರೂಪ.

ಹೆಜ್ಜೆ 2: ದೇಶ, ದಾರಿ, ರಾತ್ರಿಗಳ ಲೆಕ್ಕ

ಮಾರಾ ಸುಮಾರು 1,510 ಚ.ಕಿ.ಮೀ., ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಸುಮಾರು 14,763 ಚ.ಕಿ.ಮೀ. ಮಾರಾ ಚಿಕ್ಕದು, ನೈರೋಬಿಯಿಂದ ನಾರೊಕ್ ಮೂಲಕ ಐದಾರು ಗಂಟೆಯ ರಸ್ತೆ, ನಾಲ್ಕು ರಾತ್ರಿಯಲ್ಲಿ ಮುಗಿಸಬಹುದು. ಸೆರೆಂಗೆಟಿಗೆ ತಾಂಜಾನಿಯಾದ ಅರೂಷಾ ಪಟ್ಟಣದಿಂದ ಸೆರೊನೆರಾ ತಲುಪಲು ಏಳೆಂಟು ಗಂಟೆ ಬೇಕು, ಕೊಗಾಟೆಂಡೆಗೆ ರಸ್ತೆಯಲ್ಲಿ ಎರಡು ದಿನ. ಗೊರೊಂಗೊರೊದ ಲೊಡೊವಾರೆ ಗೇಟಿನಿಂದಾಚೆ ಡಾಂಬರು ಮುಗಿದು ಜಲ್ಲಿಮಣ್ಣಿನ ಕುಲುಕು ಶುರು. ಸೊಂಟನೋವು ಇರುವವರು, ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಒಂದು ಕಡೆಯಾದರೂ ಚಿಕ್ಕ ವಿಮಾನ ಹಿಡಿಯಿರಿ. ಉಳಿದ ಖರ್ಚಿನಲ್ಲಿ ಎಲ್ಲಾದರೂ ಕಡಿತ ಮಾಡಿದರೂ ಇದರಲ್ಲಿ ಬೇಡ.

ಎರಡೂ ದೇಶ ಒಂದೇ ಪ್ರವಾಸದಲ್ಲಿ ನೋಡುವ ಆಸೆ ಸಹಜ. ನಕ್ಷೆಯಲ್ಲಿ ಮಾರಾ ಮತ್ತು ಸೆರೆಂಗೆಟಿ ಅಂಟಿಕೊಂಡಿವೆ. ಆದರೆ ಹಿಂಡು ದಾಟುವಲ್ಲಿ ಪ್ರವಾಸಿ ದಾಟುವಂತಿಲ್ಲ. ಪಶ್ಚಿಮಕ್ಕೆ ಸುತ್ತಿ ಇಸೆಬಾನಿಯಾ–ಸಿರಾರಿ ಗಡಿಯಲ್ಲಿ ಗಾಡಿ ಬದಲಿಸಿ ಹೋಗಬೇಕು, ಒಂದು ಹಗಲು ಪೂರ್ತಿ ಹೋಗುತ್ತದೆ. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಒಂದೇ ದೇಶ ಸಾಕು.

ರಾತ್ರಿಗಳ ಹಂಚಿಕೆಯಲ್ಲೇ ಹೆಚ್ಚಿನವರು ತಪ್ಪುವುದು. ಏಳು ದಿನದಲ್ಲಿ ಐದು ಉದ್ಯಾನ ತೋರಿಸುವ ಪ್ಯಾಕೇಜಿನಲ್ಲಿ ದಿನಕ್ಕೊಂದು ಹಾಸಿಗೆ, ದಿನವೂ ಪ್ಯಾಕಿಂಗ್, ಪ್ರಾಣಿಗಳು ಚುರುಕಾಗಿರುವ ಬೆಳಗಿನ ಹೊತ್ತು ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ಹಿಂಡು ಇರುವ ಜಾಗದಲ್ಲಿ ಒಂದೇ ಕ್ಯಾಂಪಿನಲ್ಲಿ ಕನಿಷ್ಠ ಮೂರು ರಾತ್ರಿ, ಸಾಧ್ಯವಾದರೆ ನಾಲ್ಕು. ಫೆಬ್ರುವರಿಗೆ ಹೀಗೆ ಮಾಡಬಹುದು: ಕಿಲಿಮಂಜಾರೊ ವಿಮಾನ ನಿಲ್ದಾಣದಲ್ಲಿ ಇಳಿದು ಅರೂಷಾದಲ್ಲಿ ಒಂದು ರಾತ್ರಿ, ಕರಾಟು ಮೂಲಕ ಎನ್‌ಡುಟು, ಅಲ್ಲಿ ನಾಲ್ಕು ರಾತ್ರಿ, ಸೆರೊನೆರಾದಲ್ಲಿ ಎರಡು, ವಾಪಸ್ಸು ಬರುವಾಗ ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ ಒಂದು. ಸೆಪ್ಟೆಂಬರ್ ಅಥವಾ ದಸರೆಗೆ: ನೈರೋಬಿಯಲ್ಲಿ ಒಂದು, ಮಾರಾದಲ್ಲಿ ನಾಲ್ಕು, ದಾರಿಯಲ್ಲಿ ನೈವಾಶಾ ಅಥವಾ ನಕುರು ಸರೋವರದ ಬಳಿ ಒಂದು.

ಕ್ಯಾಂಪ್ ಆರಿಸುವಾಗ ಹೆಸರಿಗೆ ಮರುಳಾಗಬೇಡಿ. 'ಸೆರೆಂಗೆಟಿ' ಎಂದು ಹೆಸರಿಟ್ಟುಕೊಂಡ ವಸತಿ ಆ ತಿಂಗಳ ಹಿಂಡಿನಿಂದ 150 ಕಿ.ಮೀ. ದೂರವಿರಬಹುದು. ಉದ್ಯಾನದೊಳಗೆ ವೇಗದ ಮಿತಿ ಗಂಟೆಗೆ 50 ಕಿ.ಮೀ., ನಿಜದಲ್ಲಿ ಸಿಗುವುದು ಮೂವತ್ತು. ನಕ್ಷೆಯಲ್ಲಿ ನಿಖರ ಜಾಗ ಕೇಳಿ ಪಡೆದು, ನೀವೇ ಅಳೆಯಿರಿ. ಹಿಂಡಿನೊಂದಿಗೆ ಜಾಗ ಬದಲಿಸುವ ಡೇರೆ ಕ್ಯಾಂಪುಗಳಿವೆ: ಚಳಿಗಾಲದಲ್ಲಿ ಎನ್‌ಡುಟು, ಜೂನ್ ನಂತರ ಕೊಗಾಟೆಂಡೆ. ಬಿಸಿನೀರು ಬಕೆಟ್ಟಿನಲ್ಲಿ ಬರುತ್ತದೆ, ಸೌಕರ್ಯ ಅಷ್ಟಕ್ಕಷ್ಟೆ. ಆದರೆ ರಾತ್ರಿ ಡೇರೆಯ ಹೊರಗೇ ಹಿಂಡು ಮೇಯುವ ಸದ್ದು ಕೇಳಿಸುತ್ತದೆ.

ಮಾರಾದ ಸುತ್ತ ಮಾಸಾಯ್ ಭೂಮಾಲೀಕರಿಂದ ಗುತ್ತಿಗೆ ಪಡೆದ ಖಾಸಗಿ ಸಂರಕ್ಷಿತ ಪ್ರದೇಶಗಳಿವೆ: ನಬೊಯಿಶೊ, ಒಲಾರೆ ಮೊಟೊರೊಗಿ, ಮಾರಾ ನಾರ್ತ್. ದುಬಾರಿ. ಅಲ್ಲಿ ತಂಗಿದವರಿಗಷ್ಟೇ ಪ್ರವೇಶ, ಹಾಗಾಗಿ ಗಾಡಿಗಳು ಕಡಿಮೆ. ಗಾಡಿ ದಾರಿ ಬಿಟ್ಟು ಬಯಲಿಗಿಳಿಯಲು, ರಾತ್ರಿ ಸಫಾರಿಗೆ ಅನುಮತಿ ಇದೆ. ಎರಡು ರಾತ್ರಿ ಅಲ್ಲಿ, ಎರಡು ರಾತ್ರಿ ಮಾರಾ ಮೀಸಲು ಪ್ರದೇಶದಲ್ಲಿ ಎಂದು ಹಂಚಿಕೊಂಡರೆ ಚೆನ್ನ.

ಹೆಜ್ಜೆ 3: ಹಣ

ಪ್ರವೇಶ ಶುಲ್ಕವೇ ಇಲ್ಲಿ ದೊಡ್ಡ ಬಾಬ್ತು. ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿ–ಜೂನ್‌ನಲ್ಲಿ 100 ಡಾಲರ್, ಜುಲೈ–ಡಿಸೆಂಬರ್‌ನಲ್ಲಿ 200 ಡಾಲರ್. ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಕೊನೆಯ ದಿನ 10 ಗಂಟೆಯೊಳಗೆ ಗೇಟು ದಾಟದಿದ್ದರೆ ಇನ್ನೊಂದು ದಿನದ ಶುಲ್ಕ ಕಟ್ಟಬೇಕು. 'ಹೊರಡುವ ಮುಂಚೆ ಇನ್ನೊಂದು ಸುತ್ತು' ಎಂಬ ಆಸೆ ನಾಲ್ಕು ಜನರ ಕುಟುಂಬಕ್ಕೆ ನೂರಾರು ಡಾಲರಿನ ಪೆಟ್ಟಾಗುತ್ತದೆ. ಸೆರೆಂಗೆಟಿಯಲ್ಲಿ ತೆರಿಗೆ ಸೇರಿ ದಿನಕ್ಕೆ ಸುಮಾರು 83 ಡಾಲರ್, ಒಳಗೆ ತಂಗಿದರೆ ರಾತ್ರಿಗೆ ಬೇರೆ ಶುಲ್ಕ. ಗೊರೊಂಗೊರೊ ಕುಳಿಗೆ ಇಳಿಯಲು ಪ್ರತಿ ಗಾಡಿಗೆ ಸುಮಾರು 295 ಡಾಲರ್. ಬುಕ್ ಮಾಡುವ ದಿನದ ದರವನ್ನು ಲಿಖಿತವಾಗಿ ಪಡೆಯಿರಿ.

ಎಲ್ಲ ಸೇರಿ ಮಧ್ಯಮ ದರ್ಜೆಯ ಖಾಸಗಿ ಸಫಾರಿಗೆ ತಲೆಗೆ ದಿನಕ್ಕೆ 300ರಿಂದ 500 ಡಾಲರ್ ಎಂದು ಇಟ್ಟುಕೊಳ್ಳಿ, ಮಾರಾ ಜುಲೈ ನಂತರವಾದರೆ ಇನ್ನೂ ಮೇಲೆ. ಇದಕ್ಕಿಂತ ತೀರಾ ಅಗ್ಗ ಎಂದರೆ ಎಲ್ಲೋ ಕತ್ತರಿ ಬಿದ್ದಿದೆ: ವಸತಿ ಗೇಟಿನ ಹೊರಗಿರಬಹುದು, ಒಂದೇ ಗಾಡಿಗೆ ಎಂಟು ಜನರನ್ನು ತುಂಬಬಹುದು, ದಿನದ ಕಿಲೋಮೀಟರಿಗೆ ಮಿತಿ ಇರಬಹುದು. ಕೊಟೇಶನ್ ಬಂದಾಗ ಇವಿಷ್ಟು ಕೇಳಿ: ಗಾಡಿ ನಮಗೊಬ್ಬರಿಗೇ ಮೀಸಲೇ? ಎಲ್ಲರಿಗೂ ಕಿಟಕಿ ಪಕ್ಕದ ಸೀಟು ಇದೆಯೇ? ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರೋ ಅಥವಾ ವ್ಯಾನೋ? ಉದ್ಯಾನದ ಶುಲ್ಕ ಸೇರಿದೆಯೇ? ಕಂಪನಿ ಕೀನ್ಯಾದ ಕಾಟೊ ಅಥವಾ ತಾಂಜಾನಿಯಾದ ಟಾಟೊ ಎಂಬ ಪ್ರವಾಸ ಕಂಪನಿಗಳ ಸಂಘದ ಸದಸ್ಯತ್ವ ಹೊಂದಿದೆಯೇ? ಉತ್ತರ ಹಾರಿಸಿದರೆ ಮುಂದಿನ ಕಂಪನಿ ನೋಡಿ.

ಜುಲೈ–ಅಕ್ಟೋಬರಿಗೆ ಒಂದು ವರ್ಷ ಮುಂಚೆ, ಫೆಬ್ರುವರಿಗೆ ಎಂಟು ಹತ್ತು ತಿಂಗಳು ಮುಂಚೆ ಕಾಯ್ದಿರಿಸಿ. ಮಾರ್ಗದರ್ಶಕ-ಚಾಲಕರಿಗೆ ಗಾಡಿಯೊಂದಕ್ಕೆ ದಿನಕ್ಕೆ 10ರಿಂದ 20 ಡಾಲರ್ ಟಿಪ್ಸ್ ರೂಢಿ. ಡಾಲರ್ ನೋಟು ಹೊಸದಿರಲಿ. ಹಳೆಯ ಸರಣಿಯದು, ಹರಿದದ್ದು, ಗೀಚಿದ್ದು ಯಾರೂ ತೆಗೆದುಕೊಳ್ಳುವುದಿಲ್ಲ.

ಹೆಜ್ಜೆ 4: ಕಾಗದಪತ್ರ ಮತ್ತು ಆರೋಗ್ಯ

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ. ತಾಂಜಾನಿಯಾಕ್ಕೆ ಇ-ವೀಸಾ. ಎರಡಕ್ಕೂ ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ಥರ ಕಾಣುವ ಮಧ್ಯವರ್ತಿ ತಾಣಗಳು ದುಪ್ಪಟ್ಟು ಕೀಳುತ್ತವೆ. ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಎಂಬುದು ಕೀನ್ಯಾ, ಉಗಾಂಡಾ, ರುವಾಂಡಾಕ್ಕೆ ಮಾತ್ರ, ತಾಂಜಾನಿಯಾ ಅದರಲ್ಲಿಲ್ಲ.

ಹಳದಿ ಜ್ವರದ ಲಸಿಕೆ ಮರೆಯಲೇಬೇಡಿ. ಕೀನ್ಯಾದಿಂದ ತಾಂಜಾನಿಯಾಕ್ಕೆ ದಾಟುವಾಗ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕೀನ್ಯಾದಿಂದ ವಾಪಸ್ಸು ಬರುವಾಗ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ, ಕೇಂದ್ರ ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಇಂಥ ಕೇಂದ್ರಗಳು ಬೆರಳೆಣಿಕೆಯಷ್ಟು, ಎಲ್ಲ ದಿನವೂ ಹಾಕುವುದಿಲ್ಲ, ಆದ್ದರಿಂದ ಎರಡು ತಿಂಗಳ ಮುಂಚೆಯೇ ವಿಚಾರಿಸಿ. ಒಮ್ಮೆ ಹಾಕಿಸಿದರೆ ಆಯುಷ್ಯಪೂರ್ತಿ ಸಾಕು. ಮೊಟ್ಟೆಯ ಅಲರ್ಜಿ ಇರುವವರು, 60 ದಾಟಿದವರು ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು. ಮಲೇರಿಯಾ ತಡೆ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿ. ವಿಮೆಯಲ್ಲಿ ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಲಿ. ಬಯಲಿನ ನಡುವೆ ಬೇರೆ ದಾರಿಯೇ ಇಲ್ಲ.

ಹೆಜ್ಜೆ 5: ಚೀಲ

ಚಿಕ್ಕ ವಿಮಾನದಲ್ಲಿ ಕ್ಯಾಮೆರಾ ಸೇರಿ ಒಟ್ಟು 15 ಕೆ.ಜಿ., ಅದೂ ಮೆತ್ತನೆಯ ಬ್ಯಾಗಿನಲ್ಲಿ. ಗಟ್ಟಿ ಸೂಟ್‌ಕೇಸ್ ಲಗೇಜು ಗೂಡಿಗೆ ಹಿಡಿಯುವುದೇ ಇಲ್ಲ. ಮಣ್ಣುಬಣ್ಣದ ಮೂರು ಜೊತೆ ಬಟ್ಟೆ ಸಾಕು, ಕ್ಯಾಂಪಿನಲ್ಲಿ ಒಗೆದು ಕೊಡುತ್ತಾರೆ. ಕಡುನೀಲಿ ಮತ್ತು ಕಪ್ಪು ಬೇಡ: ತ್ಸೆತ್ಸೆ ನೊಣ ಆ ಬಣ್ಣಗಳಿಗೇ ಬಂದು ಕಚ್ಚುತ್ತದೆ, ಬಟ್ಟೆಯ ಮೇಲಿಂದಲೂ. ಸಮಭಾಜಕ ವೃತ್ತದ ಹತ್ತಿರ ಎಂದರೆ ಸೆಕೆ ಎಂದುಕೊಳ್ಳಬೇಡಿ. ಗೊರೊಂಗೊರೊ ಅಂಚು 2,300 ಮೀಟರ್ ಎತ್ತರ, ಮುಂಜಾನೆ ತೆರೆದ ಛಾವಣಿಯ ಗಾಡಿಯಲ್ಲಿ ಹಲ್ಲು ಕಡಿಯುವ ಚಳಿ. ಉಣ್ಣೆಯ ಟೋಪಿ, ಜಾಕೆಟ್ ಬೇಕು.

ಪ್ಲಾಸ್ಟಿಕ್ ಕೈಚೀಲವನ್ನು ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ನಿಷೇಧಿಸಿವೆ. ಚಪ್ಪಲಿ ಸುತ್ತಿದ ಅಂಗಡಿ ಕವರ್ ಕೂಡ ಬಟ್ಟೆಯ ಚೀಲಕ್ಕೆ ಬದಲಾಗಲಿ. ಡ್ರೋನ್ ಮನೆಯಲ್ಲಿಡಿ. ಪ್ಲಗ್ ಚೌಕ ಮೂರು ಕಡ್ಡಿಯದು, ಅಡಾಪ್ಟರ್ ಬೇಕು. ಬೈನಾಕ್ಯುಲರ್ 8x42 ತಲೆಗೊಂದು ಇರಲಿ. ಒಂದನ್ನೇ ಕೈಬದಲಾಯಿಸುತ್ತ ಕೂತರೆ ಚೀತಾ ಕಾಯುವುದಿಲ್ಲ. ಕ್ಯಾಮೆರಾಕ್ಕೆ 100–400 ಮಿ.ಮೀ. ಲೆನ್ಸ್ ಸಾಕು. ಟ್ರೈಪಾಡ್ ಗಾಡಿಯಲ್ಲಿ ನಿಲ್ಲದು. ಒಂದು ಖಾಲಿ ಬಟ್ಟೆಚೀಲ ಒಯ್ದು ಅಲ್ಲಿ ಎರಡು ಕೆ.ಜಿ. ಅಕ್ಕಿಯೋ ಬೀನ್ಸೋ ತುಂಬಿಸಿ ಛಾವಣಿಯ ಅಂಚಿನ ಮೇಲಿಟ್ಟು ಲೆನ್ಸ್ ಊರಿ. ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ.

ಸಸ್ಯಾಹಾರಕ್ಕೆ ತೊಂದರೆಯಿಲ್ಲ. ಚಪಾತಿ, ಸಮೋಸಾ, ಚಹಾ ಅಲ್ಲಿನ ಭಾಷೆಗೂ ಊಟಕ್ಕೂ ಸೇರಿಹೋಗಿವೆ. 'ಮಹಾರಾಗೆ' ಎಂಬ ಕಾಳಿನ ಪಲ್ಯ, 'ಸುಕುಮಾ ವಿಕಿ' ಎಂಬ ಸೊಪ್ಪು ಸಿಗುತ್ತದೆ. ಮೊಟ್ಟೆ ಆಗುತ್ತದೆಯೇ, ಈರುಳ್ಳಿ ಬೇಡವೇ ಎಂಬುದನ್ನು ಬುಕಿಂಗ್ ಮಾಡುವಾಗಲೇ ತಿಳಿಸಿ. ದೂರದ ಕ್ಯಾಂಪಿಗೆ ತರಕಾರಿ ಅರೂಷಾದಿಂದ ಲಾರಿಯಲ್ಲಿ ಬರಬೇಕು, ಆ ದಿನ ಹೇಳಿದರೆ ಅಡುಗೆಯವರು ಏನು ಮಾಡಿಯಾರು? ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಒಯ್ದರೆ ಅಡುಗೆಮನೆಗೆ ಕೊಟ್ಟಿಡಿ, ಡೇರೆಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ. ಬಬೂನ್‌ಗಳು ಜಿಪ್ ತೆರೆಯುವುದನ್ನು ಕಲಿತಿವೆ.

ಹೆಜ್ಜೆ 6: ಬಯಲಿನಲ್ಲಿ

ಬಂಡೀಪುರ, ಕಬಿನಿಯ ಮೂರು ಗಂಟೆಯ ಪಾಳಿಗೆ ಒಗ್ಗಿದವರು ಇಲ್ಲಿ ಕ್ರಮ ಬದಲಿಸಬೇಕು. ಹಿಂಡಿನ ದಿನಗಳಲ್ಲಿ ಬೆಳಿಗ್ಗೆ 6ಕ್ಕೆ ಬುತ್ತಿ ಕಟ್ಟಿಸಿಕೊಂಡು ಹೊರಟು ಸಂಜೆಗೇ ಮರಳುವುದು ಒಳ್ಳೆಯದು. ಊಟಕ್ಕೆಂದು ಕ್ಯಾಂಪಿಗೆ ಹೋದ ಎರಡು ಗಂಟೆಯಲ್ಲೇ ನದಿ ದಾಟಿ ಮುಗಿದಿರುತ್ತದೆ.

ಮಾರಾ ನದಿಯ ದಂಡೆಯಲ್ಲಿ ಏನಾಗುತ್ತದೆಂದರೆ: ಹತ್ತಾರು ಸಾಲುಗಳಲ್ಲಿ ಬಂದ ಹಿಂಡು ದಡದ ಮೇಲೆ ಒತ್ತೊತ್ತಾಗಿ ನಿಲ್ಲುತ್ತದೆ. ದನದ ಜಾತ್ರೆಯ ಧೂಳು, ಅದೇ ವಾಸನೆ. ಮುಂದಿನ ನಾಲ್ಕು ನೀರಿನ ತನಕ ಇಳಿದು, ಮೂಸಿ, ಏನೋ ಸದ್ದಿಗೆ ಬೆಚ್ಚಿ ಎಲ್ಲವೂ ಹಿಂದಕ್ಕೆ ಓಡುತ್ತವೆ. ಮತ್ತೆ ಬರುತ್ತವೆ. ಹೀಗೆ ನಾಲ್ಕೈದು ಗಂಟೆ. ಎಷ್ಟೋ ದಿನ ಸಂಜೆಯವರೆಗೂ ಇಷ್ಟೇ. ಒಂದು ಧುಮುಕಿದರೆ ಮುಗಿಯಿತು, ಹಿಂದಿನವು ಬೆನ್ನ ಮೇಲೆ ಬೆನ್ನು ಬಿದ್ದು ಸುರಿಯುತ್ತವೆ. ಮೊಸಳೆಗಿಂತ ನೂಕುನುಗ್ಗಲು, ಕಡಿದಾದ ಆಚೆ ದಡ, ತುಂಬಿದ ನೀರು ತೆಗೆಯುವ ಪ್ರಾಣವೇ ಹೆಚ್ಚು. ವರ್ಷಕ್ಕೆ ಸರಾಸರಿ 6,000ಕ್ಕೂ ಮಿಕ್ಕಿ ವೈಲ್ಡ್‌ಬೀಸ್ಟ್ ಹೀಗೆ ಮುಳುಗಿ ಸಾಯುತ್ತವೆ. ರಣಹದ್ದು, ಮರಬೂ ಕೊಕ್ಕರೆ, ಮೀನುಗಳು ತಿಂಗಳುಗಟ್ಟಲೆ ಅದರಲ್ಲೇ ಬದುಕುತ್ತವೆ.

ಹಿಂಡು ತಿರುಗಿ ಹೋಗಲು ಅನೇಕ ಸಲ ಗಾಡಿಗಳೇ ಕಾರಣ. ಅವಸರದ ಚಾಲಕ ದಂಡೆಗೆ ಹೋಗಿ ನಿಂತರೆ ಇಳಿಯುವ ದಾರಿ ಮುಚ್ಚುತ್ತದೆ. ಆಚೆ ದಡದಲ್ಲಿ ನಿಂತರೆ ಹತ್ತುವ ಪ್ರಾಣಿ ಮತ್ತೆ ನೀರಿಗೆ ಬೀಳುತ್ತದೆ. ಮೊದಲ ದಿನವೇ ಗೈಡ್‌ಗೆ ಸ್ಪಷ್ಟವಾಗಿ ಹೇಳಿ: 'ದೂರ ನಿಲ್ಲಿಸಿ, ಹತ್ತಾರು ಪ್ರಾಣಿಗಳು ನೀರಿಗಿಳಿದ ಮೇಲಷ್ಟೇ ಮುಂದೆ ಹೋಗೋಣ, ಕಾಣದಿದ್ದರೂ ಪರವಾಗಿಲ್ಲ.' ಹೆಚ್ಚಿನ ಗೈಡ್‌ಗಳು ನಿಯಮ ಮುರಿಯುವುದು ಪ್ರವಾಸಿಯ ಒತ್ತಾಯಕ್ಕೆ. ಎಂಜಿನ್ ಆಫ್ ಮಾಡಿಸಿ, ನಿಂತು ಕೂಗಬೇಡಿ, ಗಾಡಿಯಿಂದ ಇಳಿಯಲೇಬೇಡಿ.

ಎನ್‌ಡುಟುವಿನಲ್ಲಿ ಎಚ್ಚರಿಕೆ ಬೇರೆ ತರಹದ್ದು. ಗೊರೊಂಗೊರೊ ಪ್ರದೇಶಕ್ಕೆ ಸೇರಿದ ಭಾಗದಲ್ಲಿ ಗಾಡಿ ದಾರಿ ಬಿಟ್ಟು ಬಯಲಿಗಿಳಿಯಲು ಬಿಡುತ್ತಾರೆ, ಸೆರೆಂಗೆಟಿ ಉದ್ಯಾನದ ಭಾಗದಲ್ಲಿ ಬಿಡುವುದಿಲ್ಲ. ಹೆರಿಗೆಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲಿ. ಹಿಂಡಿನ ನಡುವೆ ಮಲಗಿ ಏಳುತ್ತಿರುವ ಹೆಣ್ಣು ವೈಲ್ಡ್‌ಬೀಸ್ಟನ್ನು ಬೈನಾಕ್ಯುಲರ್‌ನಲ್ಲಿ ಗುರುತಿಸಿ, ದೂರದಲ್ಲೇ ನಿಂತು ಕಾಯಿರಿ. ಬಿದ್ದ ಕರು ಕಂದುಬಣ್ಣದ್ದು, ಒದ್ದೆ, ಕಾಲೆಲ್ಲ ಗಂಟು. ಮುಗ್ಗರಿಸುತ್ತದೆ, ಮೂಗು ನೆಲಕ್ಕೆ ಬಡಿಯುತ್ತದೆ, ಮತ್ತೆ ಏಳುತ್ತದೆ. ಏಳೆಂಟು ನಿಮಿಷಕ್ಕೆಲ್ಲ ನಾಲ್ಕು ಕಾಲ ಮೇಲೆ ನಿಂತು, ಸ್ವಲ್ಪ ಹೊತ್ತಿಗೆ ತಾಯಿಯ ಪಕ್ಕ ಓಡತೊಡಗುತ್ತದೆ. ಈ ಹೊತ್ತಿನಲ್ಲಿ ಅದು ಕಣ್ಣೆದುರು ಚಲಿಸಿದ್ದನ್ನೇ ತಾಯಿ ಎಂದು ನಂಬುತ್ತದೆ. ಗಾಡಿ ಹತ್ತಿರ ಹಾದುಹೋದರೆ ಗಾಡಿಯ ಹಿಂದೆಯೇ ಬರುತ್ತದೆ, ತಾಯಿ ಹಿಂಡಿನೊಂದಿಗೆ ಹೊರಟುಹೋಗಿರುತ್ತದೆ, ಕತ್ತಲಾಗುವಷ್ಟರಲ್ಲಿ ಕತ್ತೆಕಿರುಬಕ್ಕೆ ಸಿಕ್ಕಿರುತ್ತದೆ. ಹಾಗೆ ಕರುವೊಂದು ಬೆನ್ನು ಹತ್ತಿದರೆ ಓಡಿಸಿಕೊಂಡು ಹೋಗಬೇಡಿ. ಎಂಜಿನ್ ನಿಲ್ಲಿಸಿ ಸುಮ್ಮನೆ ಕೂತು, ಹಿಂಡು ಅದರ ಕಣ್ಣಿಗೆ ಬಿದ್ದು ಅತ್ತ ತಿರುಗುವವರೆಗೆ ಕಾಯಿರಿ.